ಮೀನಿನ ಹಿಂದೆ ಓರ್ಕಾ, ಓರ್ಕಾದ ಮುಂದೆ ಅಜ್ಜಿ

(ಕುಂಬಳೆಯ ಒಂದು ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನಿಮಗೇ ಒಂದು ಪ್ರಶ್ನೆ. ಬೂತಾಯಿ ಮೀನು ಯಾವಾಗ ಬರುತ್ತದೆ? ಹಿಂದಿನ ಬೆಂಚಿನಲ್ಲಿ ಕೂತಿರುವ ಕಡಪ್ಪುರದವರು ಇದಕ್ಕೆ ಕ್ಯಾಲೆಂಡರ್ ನೋಡುವುದಿಲ್ಲ. ಆಟಿ ತಿಂಗಳ ಮಳೆಯ ಅಬ್ಬರ ಇಳಿದು, ನೀರು ತಣ್ಣಗಾಗಿ, ಕಡಲಿನ ಬಣ್ಣ ಬದಲಾದ ಮೇಲೆ ಅಂತ ಹೇಳುತ್ತಾರೆ. ಮನೆಯಲ್ಲಿ ಹೆಂಗಸರನ್ನು ಕೇಳಿದರೆ ಇನ್ನೂ ಚಂದದ ಉತ್ತರ ಸಿಗುತ್ತದೆ. ಕಾವಲಿಗೆ ಹಾಕಿದ ಬೂತಾಯಿ ತನ್ನದೇ ಎಣ್ಣೆ ಬಿಡಲು ಶುರು ಮಾಡಿದರೆ ಸೀಸನ್ ಬಂತು ಅಂತ ಲೆಕ್ಕ. ಎರಡೂ ಸರಿ. ಮಳೆಗಾಲದ ಗಾಳಿ ಮೇಲಿನ ನೀರನ್ನು ಹೊರಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಏಳುತ್ತದೆ. ಅದರ ಜೊತೆ ಗೊಬ್ಬರದಂಥ ಸತ್ವವೂ ಮೇಲೆ ಬರುತ್ತದೆ. ಅದರಿಂದ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ, ಪಾಚಿ ತಿನ್ನಲು ಬೂತಾಯಿ, ಬೂತಾಯಿ ಹಿಡಿಯಲು ನಾವು.

ಇವತ್ತು ನಾನು ಹೇಳುವ ಪ್ರಾಣಿಯೂ ಹೀಗೇ ಲೆಕ್ಕ ಇಟ್ಟು ಬದುಕುತ್ತದೆ. ಅದರ ಹೆಸರು ಓರ್ಕಾ. ಇಂಗ್ಲಿಷಿನವರು ಕಿಲ್ಲರ್ ವೇಲ್ ಅನ್ನುತ್ತಾರೆ. ನಮ್ಮ ಪತ್ರಿಕೆಗಳು ಅದನ್ನೇ ಕನ್ನಡಕ್ಕೆ ತಂದು 'ಕೊಲೆಗಾರ ತಿಮಿಂಗಿಲ' ಮಾಡಿವೆ. ನನಗೆ ಆ ಹೆಸರು ಇಷ್ಟವಿಲ್ಲ. ಅದು ತಿಮಿಂಗಿಲವೂ ಅಲ್ಲ, ಡಾಲ್ಫಿನ್ ಕುಟುಂಬದ್ದು, ಆ ಕುಟುಂಬದಲ್ಲೇ ಎಲ್ಲಕ್ಕಿಂತ ದೊಡ್ಡದು. ಹಳೆ ಕಾಲದ ನಾವಿಕರು ಇವು ಗುಂಪಾಗಿ ದೊಡ್ಡ ತಿಮಿಂಗಿಲಗಳನ್ನು ಬೇಟೆಯಾಡುವುದನ್ನು ನೋಡಿ 'ತಿಮಿಂಗಿಲ ಕೊಲ್ಲುವವು' ಅಂದಿದ್ದರು. ಅದು ತಿರುಗುಮುರುಗಾಗಿ ಈ ಹೆಸರು ನಿಂತಿತು ಅಂತ ಹೇಳುತ್ತಾರೆ.

ನಾನು ಇದನ್ನು ಕಣ್ಣಾರೆ ಕಂಡ ಕತೆ ಹೇಳುತ್ತೇನೆ. ನನ್ನ ಮಗಳು ಇರುವುದು ಅಮೆರಿಕದ ಸಿಯಾಟಲ್ ಹತ್ತಿರ. ಅವಳ ಬಾಣಂತನಕ್ಕೆ ನಾನೂ ಹೆಂಡತಿಯೂ ಆರು ತಿಂಗಳು ಹೋಗಿದ್ದೆವು. ಸೆಪ್ಟೆಂಬರಿನಲ್ಲಿ ಅಳಿಯ ಎರಡು ದಿನ ರಜೆ ಹಾಕಿ ನನ್ನನ್ನು ಸಾನ್ ವಾನ್ ಅನ್ನುವ ದ್ವೀಪಕ್ಕೆ ಕರೆದುಕೊಂಡು ಹೋದ. ಜಂಕಾರಿನಂಥ ದೊಡ್ಡ ಹಡಗಿನಲ್ಲಿ ಕಾರನ್ನೂ ಹತ್ತಿಸಿಕೊಂಡು ಹೋಗುವುದು. ಅಲ್ಲಿ ಲೈಮ್ ಕಿಲ್ನ್ ಅಂತ ಒಂದು ಬಂಡೆಯ ಮೂಲೆ. ಹೆಸರಿನ ಅರ್ಥ ಸುಣ್ಣದ ಗೂಡು. ಹಿಂದೆ ಅಲ್ಲಿ ಸುಣ್ಣ ಸುಡುತ್ತಿದ್ದರು. 1919ರಲ್ಲಿ ಕಟ್ಟಿದ ಒಂದು ಪುಟ್ಟ ದೀಪಸ್ತಂಭ ಇದೆ. ಬಂಡೆಯ ಬುಡದಲ್ಲೇ ಕಡಲು ಆಳ. ಹಾಗಾಗಿ ಓರ್ಕಾಗಳು ದಡಕ್ಕೆ ತೀರಾ ಹತ್ತಿರದಲ್ಲಿ ಹಾದುಹೋಗುತ್ತವೆ. ದೋಣಿ ಬೇಡ, ಟಿಕೆಟ್ಟಿನ ಗಲಾಟೆ ಬೇಡ. ಬೇಕಲ ಕೋಟೆಯ ಮೇಲೆ ನಿಂತು ಕಡಲು ನೋಡುತ್ತೇವಲ್ವಾ, ಹಾಗೇ ಸುಮ್ನೆ ನಿಂತು ನೋಡಬಹುದು.

ಮೊದಲ ದಿನ ನಾಲ್ಕು ಗಂಟೆ ಕೂತೆವು. ಏನೂ ಬರಲಿಲ್ಲ. ಎರಡನೇ ದಿನ ಬೆಳಗ್ಗೆ ಪಕ್ಕದಲ್ಲಿ ಒಬ್ಬರು ಅಜ್ಜಿ ಬಂದು ಕೂತರು. ಎಪ್ಪತ್ತೈದು ದಾಟಿರಬಹುದು. ಕುತ್ತಿಗೆಗೆ ದುರ್ಬೀನು, ತೊಡೆಯ ಮೇಲೆ ಮಳೆಗೆ ನೆನೆದು ಒಣಗಿ ಉಬ್ಬಿದ ಒಂದು ನೋಟ್‌ಬುಕ್ಕು. ಹನ್ನೊಂದರ ಹೊತ್ತಿಗೆ ಅವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ನನಗೆ ಕಣ್ಣಿಗೆ ಏನೂ ಕಾಣಲಿಲ್ಲ. ಕಿವಿಗೆ ಬಿತ್ತು. ಬುಸ್ಸ್ ಅಂತ ಒಂದು ಉಸಿರು, ಕುಕ್ಕರಿನ ವಿಸಿಲನ್ನು ಸೌಟಿನಿಂದ ಎತ್ತಿ ಬಿಟ್ಟ ಹಾಗೆ. ಆಮೇಲೆ ಇನ್ನೊಂದು. ಆಮೇಲೆ ನೀರು ಸೀಳಿಕೊಂಡು ಒಂದು ಕರಿ ರೆಕ್ಕೆ ಎದ್ದಿತು. ಏಳುತ್ತಲೇ ಇತ್ತು. ಮುಗಿಯಿತು ಅಂದುಕೊಂಡರೆ ಇನ್ನೂ ಏಳುತ್ತಿತ್ತು. ದೊಡ್ಡ ಗಂಡಿನ ಬೆನ್ನಿನ ರೆಕ್ಕೆ 6 ಅಡಿಯವರೆಗೆ ಬೆಳೆಯುತ್ತದೆ ಅಂತ ಓದಿದ್ದೆ. ಓದಿದ್ದು ಬೇರೆ, ಒಂದು ಆಳಿನ ಎತ್ತರದ ರೆಕ್ಕೆ ನಿಮ್ಮ ಮುಂದೆ ನೀರಿನಿಂದ ಎದ್ದು ನಿಲ್ಲುವುದು ಬೇರೆ. ನನ್ನ ಕೈ ನಡುಗಿ ಫೋಟೋ ಬರೀ ನೀರಿನದ್ದೇ ಬಂತು.

ಆ ಅಜ್ಜಿ ಮಾತ್ರ ಮೊದಲು ಗಡಿಯಾರ ನೋಡಿದರು. ಬರೆದರು. ಎಷ್ಟು, ಯಾವ ಕಡೆಗೆ, ಗಂಡೆಷ್ಟು, ಮರಿಯೆಷ್ಟು. ಬರೆದು ಮುಗಿದ ಮೇಲೇ ನನ್ನ ಕಡೆ ತಿರುಗಿ ನಕ್ಕರು. "ಇವು ಸೀಲ್ ಅನ್ನುವ ಕಡಲಪ್ರಾಣಿ ತಿನ್ನುವವು" ಅಂದರು. "ಹಿಂದೆ ಬೇಸಿಗೆಯಲ್ಲಿ ಇಲ್ಲಿ ಸಾಲ್ಮನ್ ಮೀನು ತಿನ್ನುವವು ದಿನಾ ಬರುತ್ತಿದ್ದವು. ಈಗ ವಾರಗಟ್ಟಲೆ ಕಾಣುವುದಿಲ್ಲ." ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನೋಡಲು ಎಲ್ಲ ಒಂದೇ ಪ್ರಾಣಿ. ಆದರೆ ಊಟ ಬೇರೆ, ಬರುವ ಕಾಲ ಬೇರೆ. ಯಾಕೆ?

ಆ ಕಡಲಿನಲ್ಲಿ ಎರಡು ಬಗೆಯ ಓರ್ಕಾ ಮುಖ್ಯ. ಒಂದು ಬಗೆ ಮೀನು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಅದರಲ್ಲೂ ಚಿನೂಕ್ ಅನ್ನುವ ದೊಡ್ಡ ಸಾಲ್ಮನ್ ಅಂದರೆ ಜೀವ. ಚಿನೂಕ್ ಹುಟ್ಟುವುದು ನದಿಯಲ್ಲಿ, ಬೆಳೆಯುವುದು ಕಡಲಿನಲ್ಲಿ, ಮೊಟ್ಟೆಯಿಡಲು ಮತ್ತೆ ಹುಟ್ಟಿದ ನದಿಗೇ ವಾಪಸ್. ಬೇಸಿಗೆಯಲ್ಲಿ ಅವು ಕೆನಡಾದ ಫ್ರೇಸರ್ ನದಿಯ ಅಳಿವೆಯ ಕಡೆಗೆ ಹೊರಡುತ್ತವೆ. ಓರ್ಕಾಗಳು ದಾರಿಯಲ್ಲಿ ಕಾಯುತ್ತವೆ. ಇನ್ನೊಂದು ಬಗೆ ಮೀನು ಮೂಸಿಯೂ ನೋಡುವುದಿಲ್ಲ. ಸೀಲ್, ಕಡಲಸಿಂಹ, ಚಿಕ್ಕ ಡಾಲ್ಫಿನ್, ತಿಮಿಂಗಿಲದ ಮರಿ ಇವುಗಳ ಊಟ. ಎರಡೂ ಒಂದೇ ನೀರಿನಲ್ಲಿ ಓಡಾಡುತ್ತವೆ. ಆದರೆ ಒಂದರ ಜೊತೆ ಒಂದು ಬೆರೆಯುವುದಿಲ್ಲ, ಸಂಬಂಧವನ್ನೂ ಮಾಡುವುದಿಲ್ಲ.

ಬೇರೆ ಕಡಲುಗಳಲ್ಲೂ ಓರ್ಕಾದ ಕಾಲ ಅಂದರೆ ಅದರ ಊಟದ ಕಾಲ. ಅರ್ಜೆಂಟೀನಾದ ವಾಲ್ಡೆಸ್ ಅನ್ನುವಲ್ಲಿ ಮಾರ್ಚ್-ಏಪ್ರಿಲ್ ಹೊತ್ತಿಗೆ ಕಡಲಸಿಂಹದ ಮರಿಗಳು ಮೊದಲ ಸಲ ನೀರಿಗಿಳಿಯುತ್ತವೆ. ಅಲ್ಲಿಯ ಕೆಲವು ಓರ್ಕಾಗಳು ತೆರೆಯ ಜೊತೆ ಮರಳಿನ ಮೇಲೆಯೇ ನುಗ್ಗಿ ಮರಿ ಹಿಡಿದು, ಮೈ ಹೊರಳಿಸಿ ವಾಪಸ್ ನೀರಿಗೆ ಜಾರುತ್ತವೆ. ಟನ್‌ಗಟ್ಟಲೆ ತೂಕದ ಪ್ರಾಣಿ ದಡದಲ್ಲಿ ಸಿಕ್ಕಿಹಾಕಿಕೊಂಡರೆ ಸತ್ತೇ ಹೋಗುತ್ತದೆ. ಅದಕ್ಕೇ ದೊಡ್ಡವರ ಜೊತೆ ಮರಿಗಳು ವರ್ಷಗಟ್ಟಲೆ ಇದನ್ನು ಕಲಿಯುತ್ತವೆ.

ಆದರೆ ನಿಮಗೆ ಜಾಸ್ತಿ ಹೇಳಬೇಕು ಅನಿಸುವುದು ನಾರ್ವೆಯ ಬಗ್ಗೆ. ಅಲ್ಲಿ ಚಳಿಗಾಲದಲ್ಲಿ ಹೆರಿಂಗ್ ಅನ್ನುವ ಮೀನು ಕೋಟಿಗಟ್ಟಲೆ ಬಂದು ಬೆಟ್ಟಗಳ ನಡುವಿನ ಕಿರಿದಾದ ಕಡಲಿಗೆ ಸೇರುತ್ತದೆ. ಹೆರಿಂಗ್ ಅಂದರೆ ನಮ್ಮ ಬೂತಾಯಿಯ ದೂರದ ನೆಂಟ. ಅದೇ ಬೆಳ್ಳಿ ಮೈ, ಅದೇ ಗುಂಪುಬುದ್ಧಿ. ರಂಪಣಿ ಬಲೆ ಎಳೆದವರು, ಎಳೆಯುವುದನ್ನು ನೋಡಿದವರು ಇಲ್ಲಿ ಇದ್ದೀರಿ. ದೋಣಿ ಅರ್ಧ ಸುತ್ತು ಹಾಕಿ ಬಲೆ ಬಿಡುತ್ತದೆ. ಎರಡು ತುದಿಯ ಹಗ್ಗ ದಡದಲ್ಲಿ. ಎರಡು ಸಾಲು ಜನ ಎಳೆಯುತ್ತಾ ಹತ್ತಿರ ಬಂದ ಹಾಗೆ ಮೀನು ನಡುವೆ ಕೂಡುತ್ತದೆ. ಓರ್ಕಾಗಳು ಮಾಡುವುದೂ ಇದೇ ಕೆಲಸ, ಬಲೆ ಇಲ್ಲದೆ. ದಡದ ಬದಲಿಗೆ ನೀರಿನ ಮೇಲ್ಮೈಯನ್ನೇ ಗೋಡೆ ಮಾಡಿಕೊಳ್ಳುತ್ತವೆ. ಆಳದಿಂದ ಹೆರಿಂಗನ್ನು ಮೇಲಕ್ಕೆ ಅಟ್ಟುತ್ತವೆ. ಸುತ್ತ ಸುತ್ತುತ್ತಾ ಬಿಳಿ ಹೊಟ್ಟೆಯನ್ನು ಮೀನಿನ ಕಡೆ ಮಿಂಚಿಸುತ್ತವೆ, ಗುಳ್ಳೆ ಬಿಡುತ್ತವೆ. ಹೆದರಿದ ಮೀನು ಒತ್ತೊತ್ತಾಗಿ ಚೆಂಡಿನ ಹಾಗೆ ಕೂಡುತ್ತದೆ. ಆಗ ಒಂದು ಓರ್ಕಾ ಬಾಲ ತಿರುಗಿಸಿ ಆ ಚೆಂಡಿನ ಅಂಚಿಗೆ ಬಡಿಯುತ್ತದೆ. ಪೆಟ್ಟಿಗೆ ತಲೆತಿರುಗಿದ ಮೀನುಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತವೆ. ಒಬ್ಬರು ತಿನ್ನುವಾಗ ಉಳಿದವರು ಸುತ್ತು ಕಾಯುತ್ತಾರೆ. ಸರದಿ ಬದಲಾಗುತ್ತದೆ. ರಂಪಣಿಯೂ ಒಬ್ಬನಿಂದ ಆಗುವ ಕೆಲಸ ಅಲ್ಲ, ಅಲ್ವಾ?

ಇದರಲ್ಲಿ ಇನ್ನೊಂದು ವಿಷಯ ಇದೆ. 1990ರ ದಶಕದಲ್ಲಿ ಹೆರಿಂಗ್ ಚಳಿಗಾಲ ಕಳೆಯುತ್ತಿದ್ದದ್ದು ಟೀಸ್‌ಫ್ಯೋರ್ಡ್ ಅನ್ನುವ ಕಡೆ. ಓರ್ಕಾ ನೋಡಲು ಜನ ಅಲ್ಲಿಗೇ ಹೋಗುತ್ತಿದ್ದರು. ಆಮೇಲೆ ಹೆರಿಂಗ್ ಜಾಗ ಬದಲಿಸಿತು. ಈಗ ಅದು ಸೇರುವುದು ಇನ್ನೂ ಉತ್ತರಕ್ಕೆ, ಶೆರ್ವೊಯ್ ಸುತ್ತಮುತ್ತ. ಓರ್ಕಾಗಳು ಹಿಂದೆಯೇ ಹೋದವು. ನೋಡುವವರ ದೋಣಿಗಳೂ ಹೋದವು. ಅಂದರೆ 'ಓರ್ಕಾ ಬರುವ ಊರು' ಅಂತ ಖಾಯಂ ಒಂದಿಲ್ಲ. ಮೀನು ಬರುವ ಊರು ಯಾವುದೋ ಅದೇ.

ಹಾಗಾದರೆ ಮೀನು ಎಲ್ಲಿ ಸಿಗುತ್ತದೆ ಅಂತ ಓರ್ಕಾಕ್ಕೆ ಹೇಳುವವರು ಯಾರು? ಇಲ್ಲಿ ನಮ್ಮ ತುಳುನಾಡಿನವರಿಗೆ ಬೇಗ ಅರ್ಥವಾಗುವ ಒಂದು ಸಂಗತಿ ಇದೆ. ಅಳಿಯಕಟ್ಟು, ಅಂದರೆ ತಾಯಿಯ ಕಡೆಯಿಂದ ವಂಶ ನಡೆಯುವ ಪದ್ಧತಿ, ನಮಗೆ ಹೊಸದಲ್ಲ. ನಮ್ಮಲ್ಲಿ ಅನೇಕರ 'ಬರಿ', ಅಂದರೆ ಕುಲ, ತಾಯಿಯಿಂದ ಬಂದದ್ದು. ಚಂದ್ರಗಿರಿ ಹೊಳೆ ದಾಟಿದರೆ ಮಲಯಾಳಿಗಳ ತರವಾಡು ಮನೆತನಗಳಲ್ಲೂ ಅದೇ ಲೆಕ್ಕ. ಮಕ್ಕಳು ತಾಯಿಯ ಮನೆಯವರು. ಒಂದೇ ಬರಿಯೊಳಗೆ ಮದುವೆ ಇಲ್ಲ. ಮೀನು ತಿನ್ನುವ ಓರ್ಕಾಗಳೂ ಹೀಗೇ. ಒಬ್ಬಳು ಅಜ್ಜಿ, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು. ಗಂಡುಮಕ್ಕಳೂ ಮನೆ ಬಿಟ್ಟು ಹೋಗುವುದಿಲ್ಲ. ಮೂವತ್ತು ವರ್ಷದ ದೈತ್ಯ ಗಂಡು ಕೂಡ ತಾಯಿಯ ಪಕ್ಕದಲ್ಲೇ ಈಜುತ್ತಾನೆ. ಬೇರೆ ಗುಂಪಿನ ಹೆಣ್ಣಿನ ಜೊತೆ ಕೂಡಿ ಮತ್ತೆ ತಾಯಿಯ ಹತ್ತಿರ ಬರುತ್ತಾನೆ. ತಾಯಿ ಹಿಡಿದ ಸಾಲ್ಮನ್ನನ್ನು ಕಚ್ಚಿ ಎರಡು ತುಂಡು ಮಾಡಿ ಅವನಿಗೆ ಕೊಡುವುದನ್ನು ಸಂಶೋಧಕರು ಎಷ್ಟೋ ಸಲ ನೋಡಿದ್ದಾರೆ. ತಾಯಿ ಸತ್ತರೆ ಅಂಥ ಮಗ ಮುಂದಿನ ವರ್ಷದೊಳಗೆ ಸಾಯುವ ಸಾಧ್ಯತೆ ಹಲವು ಪಟ್ಟು ಏರುತ್ತದೆ.

ಹೆಣ್ಣು ಓರ್ಕಾ ಸುಮಾರು 40ನೇ ವಯಸ್ಸಿಗೆ ಹೆರುವುದನ್ನು ನಿಲ್ಲಿಸುತ್ತದೆ. ಆಮೇಲೂ ದಶಕಗಟ್ಟಲೆ ಬದುಕುತ್ತದೆ. ಪ್ರಾಣಿಲೋಕದಲ್ಲಿ ಇದು ತೀರಾ ಅಪರೂಪ. ಮನುಷ್ಯರು, ಡಾಲ್ಫಿನ್ನುಗಳೂ ಸೇರುವ 'ಹಲ್ಲಿರುವ ತಿಮಿಂಗಿಲ' ಅನ್ನುವ ಬಳಗದಲ್ಲಿ ಕೆಲವು ಜಾತಿ, ಹೆಚ್ಚುಕಡಿಮೆ ಅಷ್ಟೇ. ಯಾಕೆ ಹೀಗೆ ಅಂತ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದರು. 2015ರಲ್ಲಿ ಬಂದ ಒಂದು ಅಧ್ಯಯನ ಒಂದು ಉತ್ತರ ಕೊಟ್ಟಿತು. ಗುಂಪು ಮೀನು ಹುಡುಕಿಕೊಂಡು ಹೊರಟಾಗ ಮುಂದೆ ಈಜುವುದು ಈ ಅಜ್ಜಿಯರು. ಅದರಲ್ಲೂ ಸಾಲ್ಮನ್ ಕಡಿಮೆ ಇದ್ದ ವರ್ಷಗಳಲ್ಲಿ ಅಜ್ಜಿಯೇ ಮುಂದೆ ಇರುವುದು ಜಾಸ್ತಿ. ಮೀನು ಬೇಕಾದಷ್ಟು ಇದ್ದಾಗ ಯಾರೂ ದಾರಿ ತೋರಿಸಬಹುದು. ಬರಗಾಲದಲ್ಲಿ, 'ಹಿಂದೊಮ್ಮೆ ಹೀಗೇ ಆಗಿತ್ತು, ಆಗ ಆ ಕೊಲ್ಲಿಯಲ್ಲಿ ಮೀನು ಸಿಕ್ಕಿತ್ತು' ಅಂತ ನೆನಪಿರುವವರೇ ಬೇಕು. 2019ರ ಇನ್ನೊಂದು ಅಧ್ಯಯನದ ಪ್ರಕಾರ, ಅಜ್ಜಿ ಸತ್ತ ಮೇಲಿನ ವರ್ಷಗಳಲ್ಲಿ ಮೊಮ್ಮಕ್ಕಳು ಸಾಯುವುದು ಹೆಚ್ಚು. ನನ್ನ ಹೆಂಡತಿಗೆ ಇದನ್ನು ಓದಿ ಹೇಳಿದಾಗ ಮೊಮ್ಮಗು ಅವಳ ಮಡಿಲಲ್ಲಿತ್ತು. "ಇದಕ್ಕೆ ಅಧ್ಯಯನ ಬೇಕಿತ್ತಾ?" ಅಂದಳು.

ಭಾಷೆಯ ಮಾತೂ ಹೇಳಿಬಿಡುತ್ತೇನೆ. ನಮ್ಮ ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಅನ್ನುತ್ತೇವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪೇಟೆಯಲ್ಲಿ ಬ್ಯಾರಿ, ಕೊಂಕಣಿ. ಮಾತಿನ ಧಾಟಿ ಕೇಳಿಯೇ ಇವರು ಯಾವ ಕಡೆಯವರು ಅಂತ ಹೇಳುತ್ತೇವೆ. ಕೆನಡಾದ ಜಾನ್ ಫೋರ್ಡ್ ಅನ್ನುವ ವಿಜ್ಞಾನಿ ನೀರಿನೊಳಗೆ ಮೈಕ್ ಇಳಿಸಿ ಓರ್ಕಾಗಳ ಕೂಗನ್ನು ವರ್ಷಗಟ್ಟಲೆ ಕೇಳಿದರು. ಒಂದೊಂದು ಗುಂಪಿಗೂ ಅದರದ್ದೇ ಕೂಗುಗಳ ಸೆಟ್ಟು ಇದೆ ಅಂತ ತೋರಿಸಿದರು. ಮರಿ ಅದನ್ನು ತಾಯಿಯಿಂದ ಕಲಿಯುತ್ತದೆ. ಅಭ್ಯಾಸ ಇದ್ದವರು ಬರೀ ಧ್ವನಿ ಕೇಳಿ, ಇದು ಇಂಥ ಮನೆಯದ್ದು ಅಂತ ಹೇಳುತ್ತಾರೆ.

ಇಷ್ಟೆಲ್ಲ ನಮಗೆ ಗೊತ್ತಾದದ್ದು ಹೇಗೆ ಅನ್ನುವುದು ನನಗೆ ಬಹಳ ಮುಖ್ಯವಾದ ಭಾಗ. 1960ರ ದಶಕದಲ್ಲಿ, ನಾನು ಹೋದ ಆ ಸಿಯಾಟಲ್ ಕಡೆಯ ಕಡಲಿನ ಓರ್ಕಾಗಳನ್ನು ಹಿಡಿದು ಪ್ರದರ್ಶನದ ತೊಟ್ಟಿಗಳಿಗೆ ಮಾರಲು ಶುರು ಮಾಡಿದರು. ಮರಿಗಳಿಗೆ ಬೇಡಿಕೆ ಹೆಚ್ಚು, ಸಾಗಿಸಲು ಸುಲಭ ಅಂತ. 1970ರ ಆಗಸ್ಟಿನಲ್ಲಿ ಪೆನ್ ಕೋವ್ ಅನ್ನುವ ಕೊಲ್ಲಿಯಲ್ಲಿ ಎಂಬತ್ತರಷ್ಟು ಓರ್ಕಾಗಳನ್ನು ದೋಣಿ, ವಿಮಾನ, ಸಿಡಿಮದ್ದು ಬಳಸಿ ಅಟ್ಟಿ ಕೂಡಿಹಾಕಿದರು. ಮರಿಗಳನ್ನು ಬೇರೆ ಮಾಡಿದರು. ಕೆಲವು ಬಲೆಗೆ ಸಿಕ್ಕಿ ಸತ್ತವು. ಉಳಿದವನ್ನು ಬಿಟ್ಟರೂ ಅವು ದೂರ ಹೋಗದೆ ಅಲ್ಲೇ ಕೂಗುತ್ತಾ ಇದ್ದವು ಅಂತ ನೋಡಿದವರು ಹೇಳಿದ್ದಾರೆ. ಆಗ ಹಿಡಿದ ಒಂದು ಹೆಣ್ಣುಮರಿ ಮಿಯಾಮಿಯ ತೊಟ್ಟಿಯಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಕಳೆಯಿತು. ಟೊಕಿಟೇ ಅಂತ ಅವಳ ಹೆಸರು. ವಾಪಸ್ ಕಡಲಿಗೆ ಕರೆತರುವ ತಯಾರಿ ನಡೆಯುತ್ತಿರುವಾಗಲೇ 2023ರ ಆಗಸ್ಟಿನಲ್ಲಿ ಸತ್ತಳು.

ಹಿಡಿಯುವವರು ಹೇಳುತ್ತಿದ್ದದ್ದು ಒಂದೇ ಮಾತು: ಕಡಲಿನಲ್ಲಿ ಬೇಕಾದಷ್ಟು ಇವೆ. ಎಷ್ಟಿವೆ ಅಂತ ಯಾರೂ ಎಣಿಸಿರಲಿಲ್ಲ. ಆಗ ಕೆನಡಾ ಸರ್ಕಾರ ಮೈಕಲ್ ಬಿಗ್ ಅನ್ನುವವರಿಗೆ ಆ ಕೆಲಸ ಕೊಟ್ಟಿತು. ಅಷ್ಟು ದೊಡ್ಡ ಕರಾವಳಿ. ಒಬ್ಬ ಮನುಷ್ಯ ಏನು ಮಾಡಿಯಾನು? ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. 1971ರ ಜುಲೈ 26ಕ್ಕೆ ದಿನ ಗೊತ್ತು ಮಾಡಿದರು. ಸುಮಾರು 15,000 ಫಾರಂ ಹಂಚಿದರು. ಯಾರಿಗೆ? ಮೀನುಗಾರರಿಗೆ, ದೀಪಸ್ತಂಭ ಕಾಯುವವರಿಗೆ, ದೋಣಿ ಇಟ್ಟುಕೊಂಡವರಿಗೆ. ಆ ದಿನ ಓರ್ಕಾ ಕಂಡರೆ ಎಲ್ಲಿ, ಎಷ್ಟು ಅಂತ ಬರೆದು ಕಳಿಸಿ, ಅಷ್ಟೇ. ಜನ ಸಾವಿರಾರು ಇವೆ ಅಂದುಕೊಂಡಿದ್ದರು. ಎಣಿಸಿ ನೋಡಿದರೆ ಕೆಲವೇ ನೂರು.

ಆಮೇಲೆ ಬಿಗ್ ಮತ್ತು ಅವರ ಜೊತೆಯವರು ಫೋಟೋಗಳನ್ನು ಹರಡಿಕೊಂಡು ಕೂತಾಗ ಗೊತ್ತಾಯಿತು, ಒಂದೊಂದು ರೆಕ್ಕೆಯೂ ಬೇರೆ ಬೇರೆ ಅಂತ. ಒಂದರ ಅಂಚಿನಲ್ಲಿ ಕಚ್ಚು. ಒಂದರ ತುದಿ ಬಾಗಿದೆ. ರೆಕ್ಕೆಯ ಹಿಂದೆ ತಡಿ ಹಾಕಿದ ಹಾಗೆ ಒಂದು ಬೂದಿ ಬಣ್ಣದ ಮಚ್ಚೆ ಇರುತ್ತದೆ. ಅದೂ ಒಂದರ ಹಾಗೆ ಇನ್ನೊಂದರದ್ದಲ್ಲ. ನಿಮ್ಮಲ್ಲಿ ಎಷ್ಟೋ ಜನ ದೂರದಲ್ಲಿ ಬರುವ ದೋಣಿಯ ಮೂತಿ ನೋಡಿಯೇ ಯಾರದ್ದು ಅಂತ ಹೇಳುತ್ತೀರಿ. ಅದೇ ಕಣ್ಣು. ಹಾಗೆ ಪ್ರತಿಯೊಂದಕ್ಕೂ ಅಕ್ಷರ, ನಂಬರು ಕೊಟ್ಟು ಐವತ್ತು ವರ್ಷ ಬಿಡದೆ ಬರೆದಿಟ್ಟರು. ಯಾರ ತಾಯಿ ಯಾರು, ಯಾರು ಯಾವ ವರ್ಷ ಹುಟ್ಟಿದರು, ಯಾರು ಬರಲಿಲ್ಲ. ಅಜ್ಜಿಯ ಕತೆ ಹೊರಬಿದ್ದದ್ದು ಈ ಪುಸ್ತಕಗಳಿಂದಲೇ. ಸೀಲ್ ತಿನ್ನುವ ಬಗೆಗೆ ಈಗ ಬಿಗ್ ಅವರ ಹೆಸರನ್ನೇ ಇಟ್ಟಿದ್ದಾರೆ. 1976ರ ಹೊತ್ತಿಗೆ ವಾಷಿಂಗ್ಟನ್ ರಾಜ್ಯದಲ್ಲಿ ಓರ್ಕಾ ಹಿಡಿಯುವುದು ನಿಂತಿತು.

ಹಿಡಿಯುವುದು ನಿಂತರೂ ಸಾಲ್ಮನ್ ತಿನ್ನುವವುಗಳಲ್ಲಿ ದಕ್ಷಿಣದ ಗುಂಪು, ಅಂದರೆ ಸಾನ್ ವಾನ್ ಕಡೆ ಬರುತ್ತಿದ್ದದ್ದು, ಚೇತರಿಸಿಕೊಳ್ಳಲಿಲ್ಲ. ಇತ್ತೀಚಿನ ಎಣಿಕೆಗಳಲ್ಲಿ 75ರ ಆಸುಪಾಸು, ಅಷ್ಟೇ. ನದಿಗಳಿಗೆ ಅಣೆಕಟ್ಟು ಬಿದ್ದವು, ಚಿನೂಕ್ ಕಡಿಮೆಯಾಯಿತು, ಚಿಕ್ಕದೂ ಆಯಿತು. ಹಡಗಿನ ಸದ್ದಿನಲ್ಲಿ ಮೀನು ಹುಡುಕುವುದು ಕಷ್ಟ, ಯಾಕೆಂದರೆ ಓರ್ಕಾ ಕಣ್ಣಿಗಿಂತ ಕಿವಿಯಿಂದ ಬೇಟೆಯಾಡುತ್ತದೆ. ಹಳೆಯ ರಾಸಾಯನಿಕಗಳು ಕೊಬ್ಬಿನಲ್ಲಿ ಕೂತಿವೆ. 2008ರಿಂದ 2014ರವರೆಗೆ ನಡೆದ ಒಂದು ಅಧ್ಯಯನದಲ್ಲಿ ಮೂರರಲ್ಲಿ ಎರಡು ಬಸಿರು ನಿಲ್ಲಲಿಲ್ಲ. ಸೀಲ್ ತಿನ್ನುವವು ಮಾತ್ರ ಹೆಚ್ಚುತ್ತಿವೆ. 1972ರಲ್ಲಿ ಅಮೆರಿಕ ಕಡಲಿನ ಸಸ್ತನಿಗಳನ್ನು ಕಾಪಾಡುವ ಕಾನೂನು ತಂದಿತು, ನಮ್ಮ ವನ್ಯಜೀವಿ ಕಾಯ್ದೆ ಬಂದ ವರ್ಷವೇ. ಸೀಲ್ ಕೊಲ್ಲುವುದು ನಿಂತು ಅವು ಹೆಚ್ಚಿದವು, ತಿನ್ನುವವರೂ ಹೆಚ್ಚಿದರು. ನಾನು ಕಂಡದ್ದು ಅವರನ್ನೇ.

2018ರ ಜುಲೈಯಲ್ಲಿ ಆ ಹಸಿದ ಗುಂಪಿನ ಟಾಲೆಕ್ವಾ ಅನ್ನುವ ಹೆಣ್ಣು ಒಂದು ಮರಿ ಹೆತ್ತಳು. ಅರ್ಧ ಗಂಟೆಯಷ್ಟೇ ಬದುಕಿತು. ಅವಳು ಅದನ್ನು ಬಿಡಲಿಲ್ಲ. ತಲೆಯ ಮೇಲೆ ಹೊತ್ತು ಈಜಿದಳು. ಜಾರಿ ಮುಳುಗಿದರೆ ಆಳಕ್ಕೆ ಹೋಗಿ ಎತ್ತಿಕೊಂಡು ಬಂದಳು. 17 ದಿನ, ಸುಮಾರು 1,600 ಕಿಲೋಮೀಟರ್. ನಮ್ಮ ಕಾಸರಗೋಡಿನಿಂದ ತಿರುವನಂತಪುರಕ್ಕೆ ಹೋಗಿ ಬಂದು, ಮತ್ತೊಮ್ಮೆ ಹೊರಟಷ್ಟು ದೂರ. 2020ರಲ್ಲಿ ಅವಳಿಗೆ ಒಂದು ಗಂಡುಮರಿ ಹುಟ್ಟಿ ಬದುಕಿತು. 2024ರ ಕೊನೆಗೆ ಹುಟ್ಟಿದ ಇನ್ನೊಂದು ಉಳಿಯಲಿಲ್ಲ. ಆಗಲೂ ಹೊತ್ತು ಈಜಿದಳು. ನಾನು ಇದಕ್ಕೆ ವ್ಯಾಖ್ಯಾನ ಮಾಡುವುದಿಲ್ಲ. ಇಲ್ಲಿ ತಾಯಂದಿರು ಇದ್ದೀರಿ.

ಮೀನು ಬಾರದಿದ್ದರೆ ಏನಾಗುತ್ತದೆ ಅಂತ ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. 2012ರಲ್ಲಿ ಕೇರಳದಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,300 ಟನ್‌ನಷ್ಟು. ಲಕ್ಷ ಎಲ್ಲಿ, ಸಾವಿರ ಎಲ್ಲಿ. ಸಾಲ ಮಾಡಿ ಬಲೆ ಹೊಲಿಸಿದವರು ದಡದಲ್ಲಿ ಕೂತದ್ದನ್ನು ನಾವೆಲ್ಲ ನೋಡಿದ್ದೇವೆ. ಮಳೆಗಾಲದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಲ್ಲಿಸುವುದು ಮರಿಮೀನು ಉಳಿಯಲಿ ಅಂತ. ಅಲ್ಲಿಯೂ ಹಾಗೇ ಒಂದೊಂದು ಹೆಜ್ಜೆ ಇಡುತ್ತಿದ್ದಾರೆ. ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರೊಳಗೆ ಒಡೆದು ತೆಗೆದರು. ಕ್ಲಾಮತ್ ನದಿಯ ನಾಲ್ಕನ್ನು 2024ಕ್ಕೆ ತೆಗೆದು ಮುಗಿಸಿದರು. ಅದೇ ವರ್ಷ ಚಳಿ ಶುರುವಾಗುವ ಮೊದಲೇ ಸಾಲ್ಮನ್‌ಗಳು ಅಣೆಕಟ್ಟು ಇದ್ದ ಜಾಗ ದಾಟಿ ಮೇಲೆ ಹೋದವು.

ಈಗ ನಮ್ಮ ಕಡಲಿಗೆ ಬರೋಣ. ಓರ್ಕಾ ಚಳಿ ದೇಶದ್ದು ಮಾತ್ರ ಅಂತ ತಿಳಿಯಬೇಡಿ. ಶ್ರೀಲಂಕೆ, ಮಾಲ್ದೀವ್ಸ್, ಒಮಾನ್ ಸುತ್ತ ಕಂಡ ದಾಖಲೆಗಳಿವೆ. ಬೆಚ್ಚನೆ ನೀರಿನಲ್ಲಿ ಚಿಕ್ಕ ಗುಂಪಾಗಿ ತಿರುಗುತ್ತವೆ, ಅಪರೂಪಕ್ಕೆ ಕಾಣುತ್ತವೆ. ದೊಡ್ಡ ತಿಮಿಂಗಿಲಗಳೂ ನಮ್ಮ ಮುಂದೆಯೇ ಹಾದುಹೋಗುತ್ತವೆ. 2017ರ ನವೆಂಬರಿನಲ್ಲಿ ಒಮಾನಿನಲ್ಲಿ ಒಂದು ಹೆಣ್ಣು ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ ಉಪಗ್ರಹದ ಟ್ಯಾಗ್ ಹಾಕಿದರು. ಲುಬಾನ್ ಅಂತ ಹೆಸರು. ಡಿಸೆಂಬರಿನಲ್ಲಿ ಅವಳು ಅರಬ್ಬೀ ಸಮುದ್ರವನ್ನು ಅಡ್ಡ ದಾಟಿ ಗೋವೆಯ ಕಡೆಗೆ ಬಂದಳು. ಅಲ್ಲಿಂದ ದಕ್ಷಿಣಕ್ಕೆ ಕನ್ಯಾಕುಮಾರಿ ತುದಿಯವರೆಗೆ ಹೋಗಿ, ಆಮೇಲೆ ಒಮಾನಿಗೆ ವಾಪಸ್. ಗೋವೆಯಿಂದ ಕನ್ಯಾಕುಮಾರಿಗೆ ಹೋಗುವ ದಾರಿಯಲ್ಲಿ ಕಾಸರಗೋಡು ಇದೆ. ನಾವು ಕ್ರಿಸ್ಮಸ್ ರಜೆಯ ಗಡಿಬಿಡಿಯಲ್ಲಿದ್ದಾಗ ಅವಳು ನಮ್ಮ ಪಡುವಣ ದಿಕ್ಕಿನಲ್ಲಿ ಈಜಿಕೊಂಡು ಹೋದಳು.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಕಂಡದ್ದನ್ನು ಬರೆದಿಡಿ. ದೋಣಿಯಿಂದ ರೆಕ್ಕೆ ಕಂಡರೆ ಅದರ ಆಕಾರ ನೋಡಿ. ಅಳಿವೆಯ ಹತ್ತಿರ, ಬೆನ್ನಿನಲ್ಲಿ ಗೂನಿನ ಮೇಲೆ ಚಿಕ್ಕ ರೆಕ್ಕೆ ಇದ್ದರೆ ಅದು ನಮ್ಮ ಹಂಪ್‌ಬ್ಯಾಕ್ ಡಾಲ್ಫಿನ್. ರೆಕ್ಕೆಯೇ ಇಲ್ಲದೆ ನುಣ್ಣಗೆ ಉರುಳಿ ಹೋದರೆ ಅದು ರೆಕ್ಕೆಯಿಲ್ಲದ ಪೋರ್ಪಸ್. ತಲೆ ಮಡಕೆಯ ಹಾಗೆ ಉಬ್ಬಿ, ರೆಕ್ಕೆಯ ಬುಡ ಅಗಲವಾಗಿದ್ದರೆ ಪೈಲಟ್ ತಿಮಿಂಗಿಲ. 2016ರ ಜನವರಿಯಲ್ಲಿ ತಮಿಳುನಾಡಿನ ತಿರುಚೆಂದೂರು ಕಡೆ ಎಂಬತ್ತರಷ್ಟು ದಡಕ್ಕೆ ಬಿದ್ದದ್ದು ಇವೇ. ಪೂರಾ ಕಪ್ಪು, ಉದ್ದ ಮೈ, ಹಿಂದಕ್ಕೆ ಬಾಗಿದ ರೆಕ್ಕೆ ಇದ್ದರೆ ಅದನ್ನು ಹುಸಿ ಓರ್ಕಾ ಅನ್ನಬಹುದು, ಬೇರೆಯೇ ಜಾತಿ. ಕಣ್ಣಿನ ಮೇಲೆ ಮೊಟ್ಟೆಯಾಕಾರದ ಬಿಳಿ ಮಚ್ಚೆ, ಎತ್ತರದ ರೆಕ್ಕೆ ಎರಡೂ ಇದ್ದರೆ ದಯವಿಟ್ಟು ನನಗೆ ನಡುರಾತ್ರಿ ಆದರೂ ಫೋನ್ ಮಾಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೆ ದಿನ, ಗಂಟೆ ತಾನಾಗಿ ಉಳಿಯುತ್ತದೆ. ಹತ್ತಿರ ಹೋಗಬೇಡಿ, ಎಂಜಿನ್ ನಿಧಾನ ಮಾಡಿ. ಜೀವಂತವಾಗಿ ದಡಕ್ಕೆ ಬಿದ್ದರೆ ಬಾಲ ಹಿಡಿದು ಎಳೆಯಬೇಡಿ. ಮೈಗೆ ಒದ್ದೆ ಬಟ್ಟೆ ಹೊದಿಸಿ, ಆದರೆ ಉಸಿರಾಡುವ ತೂತನ್ನು ಮುಚ್ಚಬೇಡಿ, ಅದಕ್ಕೆ ನೀರು, ಮರಳು ಹೋಗದ ಹಾಗೆ ನೋಡಿಕೊಂಡು ಅರಣ್ಯ ಇಲಾಖೆಗೆ ತಿಳಿಸಿ.

ಇದು ನಮ್ಮ ಕೈಲಾಗುವ ಕೆಲಸವೇ. ನೀಲೇಶ್ವರದ ತೈಕಡಪ್ಪುರದಲ್ಲಿ ಊರಿನವರೇ ಆಮೆಯ ಮೊಟ್ಟೆ ಕಾಯುತ್ತಾರೆ. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಹಕ್ಕಿ, ಮರ, ಹೂ, ಪ್ರಾಣಿ ಅಂತ ಘೋಷಣೆ ಮಾಡಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ಜಿಲ್ಲೆ. ಆ ಹಕ್ಕಿ ಯಾವುದು ಗೊತ್ತಾ? ಬಿಳಿ ಹೊಟ್ಟೆಯ ಕಡಲಹದ್ದು.

ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆ ಇಲ್ಲಿ ಸೇರಿಸುತ್ತೇನೆ. ಓರ್ಕಾ ಮನುಷ್ಯರನ್ನು ಕೊಲ್ಲುತ್ತದಾ ಅಂತ ಒಬ್ಬಳು ಹುಡುಗಿ ಕೇಳಿದಳು. ಕಡಲಿನಲ್ಲಿ ಸ್ವತಂತ್ರವಾಗಿರುವ ಓರ್ಕಾ ಮನುಷ್ಯರನ್ನು ಕೊಂದ ದಾಖಲೆ ಇಲ್ಲ. ಸಾವು ಆದದ್ದು ಕೂಡಿಹಾಕಿದ ತೊಟ್ಟಿಗಳಲ್ಲಿ. ಸ್ಪೇನ್, ಪೋರ್ಚುಗಲ್ ಕಡೆ 2020ರಿಂದ ಓರ್ಕಾಗಳು ಹಾಯಿದೋಣಿಗಳ ಚುಕ್ಕಾಣಿ ಮುರಿಯುತ್ತಿವೆ, ಕೆಲವು ದೋಣಿ ಮುಳುಗಿದ್ದೂ ಉಂಟು. ದೋಣಿಯಲ್ಲಿದ್ದವರ ಮೈ ಮುಟ್ಟಿಲ್ಲ. ಇನ್ನೊಬ್ಬರು ಕೇಳಿದ್ದು ಅಂಬರ್‌ಗ್ರೀಸ್ ಬಗ್ಗೆ, ಅಂದರೆ ಜನ 'ತಿಮಿಂಗಿಲದ ವಾಂತಿ' ಅನ್ನುವ ವಸ್ತು. ಅದು ಓರ್ಕಾದ್ದಲ್ಲ, ಸ್ಪರ್ಮ್ ತಿಮಿಂಗಿಲದ ಹೊಟ್ಟೆಯಲ್ಲಿ ಆಗುವುದು. ಸಿಕ್ಕಿದರೆ ಇಟ್ಟುಕೊಳ್ಳುವುದೂ ಮಾರುವುದೂ ನಮ್ಮಲ್ಲಿ ಅಪರಾಧ. ಕೋಟಿ ಸಿಗುತ್ತದೆ ಅನ್ನುವವರ ಮಾತಿಗೆ ಮರುಳಾಗಿ ಜೈಲಿಗೆ ಹೋಗಬೇಡಿ.

ಕಾರ್ಯಕ್ರಮ ಮುಗಿದು ಚಹಾ ಕುಡಿಯುತ್ತಿದ್ದಾಗ ಹಿಂದಿನ ಬೆಂಚಿನ ಹಿರಿಯರೊಬ್ಬರು ಹತ್ತಿರ ಬಂದರು.

"ಮಾಷ್ಟ್ರೇ, ನೀವು ಹೇಳಿದ ಆ ಆಳೆತ್ತರದ್ದು ನಾನು ಕಂಡದ್ದಿಲ್ಲ. ಆದರೆ ಪೂರಾ ಕಪ್ಪಿನದ್ದು ಕಂಡಿದ್ದೇನೆ. ಆರೋ ಏಳೋ, ಒಟ್ಟಿಗೆ."

ಆಮಂತ್ರಣ ಪತ್ರದ ಹಿಂಬದಿಯಲ್ಲಿ ರೆಕ್ಕೆ ಬರೆದು ತೋರಿಸಿ ಅಂದೆ. ಪೆನ್ನು ಹಿಡಿದು ಅಭ್ಯಾಸ ಕಡಿಮೆ. ಆದರೂ ಒಂದೇ ಗೆರೆಯಲ್ಲಿ, ಹಿಂದಕ್ಕೆ ಬಾಗಿದ, ತುದಿ ಮೊಂಡಾದ ರೆಕ್ಕೆ ಬರೆದರು.

"ಯಾವ ವರ್ಷ, ಅಜ್ಜ?"

"ವರ್ಷ ಎಲ್ಲಿ ನೆನಪಿರುತ್ತದೆ? ದೊಡ್ಡ ಮಗಳ ಮದುವೆ ಆದ ವರ್ಷ. ಪರ್ಬ ಕಳೆದು ಒಂದು ವಾರ. ಅಂಜಲ್ ಬಲೆ ಬಿಟ್ಟಿದ್ದೆವು, ಇಪ್ಪತ್ತು ಮಾರು ನೀರಿನಲ್ಲಿ."

ಪಕ್ಕದಲ್ಲಿದ್ದ ಮೊಮ್ಮಗ ತಾಯಿಗೆ ಫೋನ್ ಮಾಡಿ ಮದುವೆಯ ವರ್ಷ ಕೇಳಿದ. ನಾನು ನೋಟ್‌ಬುಕ್ಕಿನಲ್ಲಿ ಬರೆದೆ: 1998, ದೀಪಾವಳಿ ಕಳೆದು ಒಂದು ವಾರ. ಶಿರಿಯ ಅಳಿವೆಯಿಂದ ಪಡುವಣಕ್ಕೆ, 20 ಮಾರು ನೀರು. ಪೂರಾ ಕಪ್ಪು, ರೆಕ್ಕೆ ಬಾಗಿದ್ದು. ದಕ್ಷಿಣಕ್ಕೆ ಹೋದವು. 6 ಅಥವಾ 7.

ಅವರು ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು.

"ಏಳು ಅಂತಲೇ ಬರೆಯಿರಿ ಮಾಷ್ಟ್ರೇ. ಹಿಂದೆ ಒಂದು ಸಣ್ಣದಿತ್ತು."